ಕೊಡಚಾದ್ರಿಯಲ್ಲಿ ಶೂ ಬಾಯಿ ಬಿಟ್ಟಿತು: ರಿಪೇರಿ ಕಿಟ್‌ನಲ್ಲಿ ಏನಿರಬೇಕು?

ಪ್ರಶ್ನೆ

ನಮಸ್ಕಾರ. ಹೋದ ವಾರ ನಿಟ್ಟೂರು ಕಡೆಯಿಂದ ಹಿಡ್ಲುಮನೆ ಫಾಲ್ಸ್ ದಾರಿಯಲ್ಲಿ ಕೊಡಚಾದ್ರಿ ಹತ್ತಿದೆ. ಫಾಲ್ಸ್ ಪಕ್ಕದ ಬಂಡೆ ಏರುವಾಗ ಬಲಗಾಲಿನ ಶೂ ಬಾಯಿ ಬಿಟ್ಟಿತು. ಅಟ್ಟೆ ಮುಂದಿನಿಂದ ಅರ್ಧದವರೆಗೂ ಕಿತ್ತು ಬಂತು. ಟೇಪ್ ಸುತ್ತಿದೆ. ನೂರು ಹೆಜ್ಜೆಗೇ ಬಿಚ್ಚಿಕೊಂಡಿತು. ಸೂಪರ್ ಗ್ಲೂ ಹಾಕಿದೆ, ಅದೂ ನಿಲ್ಲಲಿಲ್ಲ. ಕೊನೆಗೆ ಲೇಸ್ ಬಿಚ್ಚಿ ಅದರಲ್ಲೇ ಅಟ್ಟೆ ಕಟ್ಟಿಕೊಂಡು, ಉಂಬಳ (ಜಿಗಣೆ) ಕಿತ್ತು ಹಾಕುತ್ತಾ ಇಳಿದೆ. ಸಾಲದ್ದಕ್ಕೆ ಬ್ಯಾಗಿನ ಹೆಗಲಪಟ್ಟಿಯ ಹೊಲಿಗೆಯೂ ಬಿಟ್ಟಿತು.

ಮುಂದಿನ ತಿಂಗಳು ಮತ್ತೆ ಹೊರಡಬೇಕು. ಬ್ಯಾಗ್ ಒಟ್ಟು 6 ಕೆಜಿ ದಾಟಬಾರದು. ಏನೇನು ಇಟ್ಟುಕೊಳ್ಳಲಿ?

ಉತ್ತರ

ಮೊದಲು ಒಂದು ಮಾತು ಕೇಳುತ್ತೇನೆ. ಮಳೆಗಾಲದಲ್ಲಿ ಆ ಶೂ ಎಲ್ಲಿಟ್ಟಿದ್ದಿರಿ? ಬಚ್ಚಲೊಲೆ ಪಕ್ಕ ಒಣಗಿಸಿದ್ದಿರಾ? ನಮ್ಮ ಕಡೆ ಎಲ್ಲರೂ ಹಾಗೇ ಮಾಡೋದು ಅಲ್ವಾ. ಒಲೆಯ ಕಾವಿಗೆ ಅಟ್ಟೆಯ ಅಂಟು ಸೋತು ಹೋಗುತ್ತದೆ. ಒಳಗೆ ಹಳೆ ಪೇಪರ್ ತುರುಕಿ ಗಾಳಿಗೆ ಒಣಗಿಸಿ. ಪೇಪರ್ ಒದ್ದೆಯಾದ ಹಾಗೆ ಬದಲಿಸಿ.

ಟೇಪ್ ಬಿಚ್ಚಿದ್ದು ನಿಮ್ಮ ತಪ್ಪಲ್ಲ. ಕೆಸರು ಮೆತ್ತಿದ ಒದ್ದೆ ಜಾಗಕ್ಕೆ ಟೇಪ್ ಹಿಡಿಯುವುದಿಲ್ಲ. ಸೂಪರ್ ಗ್ಲೂ ಗಟ್ಟಿಯಾದರೆ ಪೆಡಸು. ಅಟ್ಟೆ ಹೆಜ್ಜೆಹೆಜ್ಜೆಗೂ ಬಗ್ಗುತ್ತದೆ, ಆಗ ಬಿರುಕು ಬಿಡುತ್ತದೆ. ಅದಕ್ಕೇ ನಮ್ಮ ಮಲೆನಾಡಿನ ಕಿಟ್‌ನಲ್ಲಿ ಅಂಟಿಸುವ ಸಾಮಾನು ಕಡಿಮೆ ಸಾಕು. ಕಟ್ಟುವ, ಹೊಲಿಯುವ ಸಾಮಾನು ಜಾಸ್ತಿ ಬೇಕು.

ನನ್ನ ಕಿಟ್‌ನ ಜೀವ ಹಳೆ ಸೈಕಲ್ ಟ್ಯೂಬ್. ಪಂಕ್ಚರ್ ಅಂಗಡಿಯಲ್ಲಿ ಕೇಳಿದರೆ ಸುಮ್ನೆ ಕೊಡುತ್ತಾರೆ. ಎರಡು ಬೆರಳಗಲ, ಎರಡು ಮೊಳ ಉದ್ದದ ಎರಡು ಪಟ್ಟಿ ಕತ್ತರಿಸಿಕೊಳ್ಳಿ. ಬಾಯಿ ಬಿಟ್ಟ ಅಟ್ಟೆಯೊಳಗಿನ ಮಣ್ಣು ಕಡ್ಡಿಯಲ್ಲಿ ಕೆದಕಿ ತೆಗೆಯಿರಿ, ಇಲ್ಲದಿದ್ದರೆ ಕೂಡುವುದಿಲ್ಲ. ಆಮೇಲೆ ಪಟ್ಟಿಯನ್ನು ಚೆನ್ನಾಗಿ ಎಳೆದು, ಬೆರಳುಗಳ ಹತ್ತಿರ ಎರಡು ಸುತ್ತು, ಪಾದದ ನಡುವೆ ಒಂದು ಸುತ್ತು ಹಾಕಿ, ತುದಿಯನ್ನು ಕೊನೆ ಸುತ್ತಿನ ಅಡಿಗೆ ಸಿಕ್ಕಿಸಿ. ಮಳೆ ಬಂದರೂ ಬಿಗಿ ಹಾಗೇ ಇರುತ್ತದೆ. ರಬ್ಬರ್ ಆದ್ದರಿಂದ ಬಂಡೆ ಮೇಲೆ ಟೇಪಿನಷ್ಟು ಜಾರುವುದೂ ಇಲ್ಲ. ಕಳೆದ ವರ್ಷ ಕವಲೇದುರ್ಗದಲ್ಲಿ ಜೊತೆಯವರೊಬ್ಬರ ಶೂಗೆ ಹೀಗೇ ಕಟ್ಟಿದ್ದೆ. ಕೋಟೆ ಪೂರ್ತಿ ನೋಡಿ ಬಸ್ಸಿನವರೆಗೂ ನಡೆದರು.

ಎರಡನೆಯದು ದಬ್ಬಳ, ಜೊತೆಗೆ ಚಪ್ಪಲಿ ಹೊಲಿಯುವ ನೈಲಾನ್ ದಾರ 5 ಮೀಟರ್. ಮಾಮೂಲಿ ಸೂಜಿ ಹೆಗಲಪಟ್ಟಿಗೆ ಮುರಿಯುತ್ತದೆ. ಹಳೆ ಹೊಲಿಗೆಯ ತೂತುಗಳಲ್ಲೇ ದಬ್ಬಳ ತೂರಿಸಿ, ದಬ್ಬಳದ ಹಿಂತುದಿಗೆ ನಾಣ್ಯ ಒತ್ತಿ ತಳ್ಳಿ. ಒಂದು ಹೊಲಿಗೆ ಮುಂದೆ, ಅರ್ಧ ಹಿಂದೆ, ಹಾಗೆ ಹೊಲಿಯಿರಿ. ಒಂದು ಎಳೆ ಹರಿದರೂ ಉಳಿದದ್ದು ಹಿಡಿದುಕೊಳ್ಳುತ್ತದೆ. ದಬ್ಬಳದ ಮೊನೆಗೆ ಪೆನ್ನಿನ ಕ್ಯಾಪ್ ಹಾಕಿ ಇಡಿ.

ಇನ್ನುಳಿದದ್ದು ಬೇಗ ಹೇಳಿಬಿಡುತ್ತೇನೆ. ನಾಲ್ಕು ಕೇಬಲ್ ಟೈ, ನಾಲ್ಕು ಪಿನ್ನು, ಸೊಂಟದ ಬೆಲ್ಟಿಗೆ ಒಂದು ಬಕಲ್, ಅರ್ಧ ಬ್ಲೇಡು. ಟೇಪ್ ಬೇಕು, ಆದರೆ ಮೀಟರ್ ಸಾಕು. ಪೆನ್ನಿಗೆ ಸುತ್ತಿ ಇಡಿ. ರೇನ್‌ಕೋಟ್ ಹರಿದರೆ ಒರೆಸಿ ಒಣಗಿಸಿ, ಟೇಪಿನ ಮೂಲೆ ದುಂಡಗೆ ಕತ್ತರಿಸಿ, ಎರಡೂ ಕಡೆ ಹಚ್ಚಿ. ಚೂಪು ಮೂಲೆ ಬೇಗ ಏಳುತ್ತದೆ. ಸಿಲಿಕೋನ್ ಲೇಪನದ ಬಟ್ಟೆಗೆ ಮಾತ್ರ ಈ ಟೇಪ್ ಹಿಡಿಯುವುದಿಲ್ಲ, ಹೊಲಿಯಿರಿ. ನನ್ನದು ಎಲ್ಲ ಸೇರಿ 110 ಗ್ರಾಂ.

ಮರುಪ್ರಶ್ನೆ

ಬಚ್ಚಲೊಲೆ ವಿಷಯ ನಿಜ ಮಾರಾಯ್ರೆ! ಹೇಗೆ ಗೊತ್ತಾಯಿತು? ಪ್ಲಯರ್ ಬೇಡವಾ? ಈ ಶೂ ಮತ್ತೆ ಅಂಟಿಸಿದರೆ ಬರುತ್ತದಾ?

ಉತ್ತರ

ನಾನೂ ಎರಡು ಜೊತೆ ಹಾಗೇ ಕಳೆದುಕೊಂಡಿದ್ದೇನೆ. ಎರಡು ದಿನದ ನಡಿಗೆಗೆ ಪ್ಲಯರ್ ಬೇಡ, ಸುಮ್ನೆ ಭಾರ. ಜಿಪ್ ಕೈ ಕೊಟ್ಟರೆ ಪಿನ್ನು ಹಾಕಿಕೊಂಡು ಮನೆಗೆ ಬನ್ನಿ.

ಶೂ ಅಂಟಿಸುವ ಮುಂಚೆ ಅಟ್ಟೆಯ ಒಳಗಿನ ಫೋಮ್ ಮೇಲೆ ಉಗುರು ಒತ್ತಿ ನೋಡಿ. ಗಟ್ಟಿ ಇದ್ದರೆ ಕಾಂಟ್ಯಾಕ್ಟ್ ಗಮ್ (ಚಪ್ಪಲಿ ರಿಪೇರಿಯವರು ಹಚ್ಚುವ ಅಂಟು) ತಂದು ಎರಡೂ ಕಡೆ ತೆಳ್ಳಗೆ ಹಚ್ಚಿ, ಕೈಗೆ ಅಂಟದಷ್ಟು ಆರಿದ ಮೇಲೆ ಒತ್ತಿ. ಆರುವ ಮುಂಚೆ ಒತ್ತಿದರೆ ಹಿಡಿಯಲ್ಲ. ಪುಡಿ ಉದುರಿದರೆ ಅಂಟಿಸಬೇಡಿ. ಪಾಲಿಯುರೆಥೇನ್ ಫೋಮ್ ತೇವಾಂಶಕ್ಕೆ ಒಳಗಿಂದಲೇ ಕೊಳೆಯುತ್ತದೆ. ಹಾಕದೆ ಇಟ್ಟರೂ ಕೊಳೆಯುತ್ತದೆ.

ಮರುಪ್ರಶ್ನೆ

ಒತ್ತಿ ನೋಡಿದೆ. ರಸ್ಕ್ ಥರ ಉದುರಿತು.

ಉತ್ತರ

ಹಾಗಾದರೆ ಅದು ಬೇಡ. ಎಡಗಾಲಿನದ್ದೂ ಇವತ್ತೇ ಒತ್ತಿ ನೋಡಿ. ಅದೂ ಅದೇ ತೇವ ಕುಡಿದು, ಅದೇ ಒಲೆ ಪಕ್ಕ ಒಣಗಿದ್ದಲ್ವಾ.