ಹಲಸಿನ ಮರದ ಹಳೆ ಪೆಟ್ಟಿಗೆ ಫ್ಲ್ಯಾಟಿನ ಬೆಡ್‌ರೂಮಿಗೆ ಹೊಂದುತ್ತಿಲ್ಲ. ಬಿಳಿ ಬಣ್ಣ ಹೊಡೆಸಬಹುದಾ?

ಕದ್ರಿ_ಮನೆ:

ಎಲ್ಲರಿಗೂ ನಮಸ್ಕಾರ. ಕಾರ್ಕಳ ಕಡೆಯ ನಮ್ಮವರ ತರವಾಡು ಮನೆಯಿಂದ (ಕುಟುಂಬದ ಹಿರಿಯರ ಮನೆ) ಒಂದು ದೊಡ್ಡ ಪೆಟ್ಟಿಗೆ ನಮ್ಮ ಫ್ಲ್ಯಾಟಿಗೆ ಬಂದಿದೆ. ಅತ್ತೆ ಅದರಲ್ಲಿ ಪಟ್ಟೆ ಸೀರೆ, ಬೆಳ್ಳಿ ಸಾಮಾನು ಇಡುತ್ತಿದ್ದರು. ಹಲಸಿನ ಮರದ್ದು. ಉದ್ದ 4 ಅಡಿ, ಅಗಲ 2 ಅಡಿ, ಎತ್ತರ ಎರಡೂವರೆ ಅಡಿ. ಹಿತ್ತಾಳೆಯ ಕೊಂಡಿ, ಮೂಲೆಗಳಿಗೆ ಹಿತ್ತಾಳೆ ಪಟ್ಟಿ. ನನಗೆ ತುಂಬ ಇಷ್ಟ. ಮಾರುವ ಮಾತೇ ಇಲ್ಲ.

ಕಷ್ಟ ಏನಂದ್ರೆ, ಬೆಡ್‌ರೂಮಿನಲ್ಲಿ ಅದು ಸೇರುತ್ತಿಲ್ಲ. ಗೋಡೆ ಬೂದು ಬಣ್ಣ. ನೆಲಕ್ಕೆ ಬಿಳಿ ವಿಟ್ರಿಫೈಡ್ ಟೈಲ್ಸ್. ವಾರ್ಡ್‌ರೋಬಿಗೆ ಹೊಳೆಯುವ ಬಿಳಿ ಲ್ಯಾಮಿನೇಟ್. ಪೆಟ್ಟಿಗೆಯನ್ನು ಮಂಚದ ಕಾಲಬುಡದಲ್ಲಿ ಇಟ್ಟಿದ್ದೇವೆ. ಯಾರೋ ಸಾಗಿಸುವಾಗ ನಡುವೆ ಬಿಟ್ಟು ಹೋದಂತೆ ಕಾಣುತ್ತದೆ. ಕೋಣೆಯೂ ಕತ್ತಲಾಗಿದೆ.

ಬಡಗಿಯೊಬ್ಬರು ಬಂದು ನೋಡಿ, "ತಿಕ್ಕಿ ಬಿಳಿ ಡ್ಯುಕೋ ಹೊಡೆಯುವ, ಹೊಸತೇ ಆಗ್ತದೆ" ಅಂದರು. ಡ್ಯುಕೋ ಅಂದರೆ ಸ್ಪ್ರೇ ಮಾಡುವ ಪೇಂಟ್. ತೋರಿಸಲಿಕ್ಕೆ ಅಂತ ಹಿಂದಿನ ಮೂಲೆಯಲ್ಲಿ ಅಂಗೈಯಷ್ಟು ಜಾಗ ಸ್ಯಾಂಡ್ ಪೇಪರಿನಲ್ಲಿ ತಿಕ್ಕಿದರು. ಒಳಗಿಂದ ಅರಸಿನದ ಹಾಗೆ ಹಳದಿ ಬಂತು! ಉಳಿದದ್ದೆಲ್ಲ ಕಡು ಕಂದು. ಗಾಬರಿಯಾಗಿ ಅಲ್ಲಿಗೇ ನಿಲ್ಲಿಸಿದೆ.

ಇನ್ನೂ ಕೆಲವು ತೊಂದರೆ ಉಂಟು. ಮಳೆ ಶುರುವಾದ ಮೇಲೆ ಮುಚ್ಚಳ ಬಿಗಿಯಾಗಿದೆ. ಹಿಂಬದಿಗೆ ಬೂಷ್ಟು ಬಂದಿದೆ, ಒಳಗೆ ಮುಗ್ಗು ವಾಸನೆ. ಒಂದು ಕಾಲಿನ ಹತ್ತಿರ ಸೂಜಿ ಚುಚ್ಚಿದಂಥ ತೂತುಗಳು, ಕೆಳಗೆ ಸ್ವಲ್ಪ ಹುಡಿ. ಎಸಿ ಸರೀ ಪೆಟ್ಟಿಗೆಯ ಮೇಲ್ಗಡೆಯೇ ಇದೆ. ಫೋಟೋ ಹಾಕಿದ್ದೇನೆ. ಎಂತ ಮಾಡುವುದು ಹೇಳಿ.

ಮಣಿಪಾಲ_ಒಳಾಂಗಣ:

ಬಿಳಿ ಬಣ್ಣ ಬೇಡ. ಫೋಟೋ ನೋಡಿದರೆ ತಪ್ಪು ಪೆಟ್ಟಿಗೆಯದ್ದಲ್ಲ, ಸುತ್ತಲಿನದ್ದು ಅಂತ ನನಗೆ ಕಾಣುತ್ತದೆ. ಒಂದು ಪ್ರಶ್ನೆ: ಕೋಣೆಯ ಎಲ್‌ಇಡಿ ಯಾವುದು? ಡಬ್ಬಿಯ ಮೇಲೆ 6500 ಕೆಲ್ವಿನ್ ಅಂತ ಇದೆಯಾ ನೋಡಿ.

ಕದ್ರಿ_ಮನೆ:

ಹೌದು, 6500. ಬಿಲ್ಡರ್ ಹಾಕಿ ಕೊಟ್ಟದ್ದು.

ಕಿನ್ನಿಮೂಲ್ಕಿ_ಹಳೆಮರ:

ಅಕ್ಕ, ನಾನು ಹಳೆ ಮರದ ಸಾಮಾನು ರಿಪೇರಿ ಮಾಡುವುದನ್ನು ಹವ್ಯಾಸವಾಗಿ ಮಾಡಿಕೊಂಡು ಬಂದವನು. ಚಂದ ಮಾಡುವ ಮಾತು ಆಮೇಲೆ. ಮೊದಲು ಹುಳು ಮತ್ತು ತೇವ. ಅವೆರಡೂ ಇದ್ದಾಗ ಯಾವ ಪಾಲಿಶ್ ಮಾಡಿದರೂ ಮುಂದಿನ ಮಳೆಗಾಲಕ್ಕೆ ಹಾಳು.

ಹುಡಿಯಿಂದ ಶುರು ಮಾಡಿ. ಇರುವ ಹುಡಿಯನ್ನು ಗುಡಿಸಿ, ಆ ಕಾಲಿನ ಕೆಳಗೆ ಕಪ್ಪು ಕಾಗದ ಹಾಸಿ. ಒಂದೆರಡು ವಾರ ಬಿಡಿ. ಹೊಸ ಹುಡಿ ಬಿದ್ದರೆ ಕುಟ್ಟೆ ಹುಳು ಒಳಗೆ ಜೀವಂತ ಇದೆ. ಬೀಳದಿದ್ದರೆ ಅದು ಹಳೆ ಕಥೆ, ಸಾಗಿಸುವಾಗ ಅಲುಗಾಡಿ ಉದುರಿದ್ದು. ಜೀವಂತ ಇದ್ದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಮರದ ಹುಳುವಿನ ಮದ್ದನ್ನು ಸಿರಿಂಜಿನಲ್ಲಿ ಒಂದೊಂದೇ ತೂತಿಗೆ ಬಿಡಬೇಕು. ಕೈಗವಸು, ಮಾಸ್ಕ್ ಹಾಕಿ. ಬಾಲ್ಕನಿಯಲ್ಲಿ ಮಾಡಿ, ವಾಸನೆ ಪೂರ್ತಿ ಹೋಗುವ ತನಕ ಮಲಗುವ ಕೋಣೆಗೆ ತರಬೇಡಿ. ಹಲಸಿನ ಚೇಗನ್ನು, ಅಂದರೆ ನಡುವಿನ ಗಟ್ಟಿ ಮರವನ್ನು, ಹುಳು ಸುಲಭಕ್ಕೆ ಮುಟ್ಟುವುದಿಲ್ಲ, ಅದು ತಿನ್ನುವುದು ಹೊರಗಿನ ಬಿಳಿ ಭಾಗವನ್ನು. ಹಾಗಾಗಿ ಒಂದು ಕಾಲಿನಲ್ಲಿ ತೂತು ಇದೆ ಅಂದ ಮಾತ್ರಕ್ಕೆ ಇಡೀ ಪೆಟ್ಟಿಗೆ ಹೋಯಿತು ಅಂತ ಹೆದರಬೇಡಿ.

ಬೂಷ್ಟು ಬರುವುದು ಗಾಳಿಯಾಡದ ಕಾರಣ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ. ಗಾಳಿಯ ತೇವ 70 ಶೇಕಡಾ ದಾಟಿತು ಅಂದರೆ ಬೂಷ್ಟಿಗೆ ಹಬ್ಬ, ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಅದು ದಿನವಿಡೀ ಅದಕ್ಕಿಂತ ಮೇಲೆಯೇ ಇರುತ್ತದೆ. ಪೆಟ್ಟಿಗೆಯ ಬೆನ್ನು ಹೊರಗೋಡೆಗೆ ತಾಗಿದ್ದರೆ ಆ ಸಂದಿಯಲ್ಲಿ ಗಾಳಿಯೇ ಇಲ್ಲ. ಮೂರು ಇಂಚು ಮುಂದೆ ಎಳೆಯಿರಿ. ಒಣ ಬ್ರಷ್‌ನಿಂದ ಬೂಷ್ಟನ್ನು ಮನೆಯ ಹೊರಗೆ ಉದುರಿಸಿ, ಆಮೇಲೆ ಹಿಂಡಿದ ಬಟ್ಟೆಯಲ್ಲಿ ಒರೆಸಿ ಫ್ಯಾನ್ ಕೆಳಗೆ ಇಡಿ. ಒಳಗೆ ಪಾಲಿಶ್ ಇಲ್ಲದ ಹಲಗೆಗೆ ಅರ್ಧ ವಿನೆಗರ್ ಅರ್ಧ ನೀರು ಆಗುತ್ತದೆ. ಎಸಿಯಲ್ಲಿ ಡ್ರೈ ಮೋಡ್ ಇದ್ದರೆ ದಿನಕ್ಕೆ ಸ್ವಲ್ಪ ಹೊತ್ತು ಹಾಕಿ. ಆದರೆ ಎಸಿಯ ಗಾಳಿ ನೇರ ಮರದ ಮೇಲೆ ಬೀಳಬಾರದು. ಇಷ್ಟು ವರ್ಷ ಹಂಚಿನ ಮನೆಯ ತೇವದಲ್ಲಿದ್ದ ಹಲಗೆ ಒಮ್ಮೆಲೇ ಒಣಗಿದರೆ ಸೀಳು ಬಿಡುತ್ತದೆ.

ಮುಚ್ಚಳ ಬಿಗಿಯಾದದ್ದಕ್ಕೆ ಈಗ ಕೀಸುಳಿ ಹಾಕಿಸಲೇಬೇಡಿ. ಮರ ಉದ್ದಕ್ಕೆ ಹಿಗ್ಗುವುದಿಲ್ಲ, ಅಗಲಕ್ಕೆ ಹಿಗ್ಗುತ್ತದೆ. ಮಳೆಗಾಲದಲ್ಲಿ ಕೀಸಿದರೆ ಫೆಬ್ರವರಿಯಲ್ಲಿ ಬೆರಳು ತೂರುವಷ್ಟು ಸಂದಿ ಬೀಳುತ್ತದೆ. ಸದ್ಯಕ್ಕೆ ತಾಗುವ ಅಂಚಿಗೆ ಮೇಣದ ಬತ್ತಿ ತಿಕ್ಕಿ. ದೀಪಾವಳಿ ಕಳೆದ ಮೇಲೂ ಬಿಗಿ ಇದ್ದರೆ ಆಗ ನೋಡುವ.

ಇನ್ನು ಆ ಹಳದಿ ಕಲೆ. ಅದು ಹಾಳಾದದ್ದಲ್ಲ, ಹಲಸಿನ ನಿಜ ಬಣ್ಣವೇ ಅದು. ಶ್ರೀಲಂಕಾ, ಬರ್ಮಾದ ಬೌದ್ಧ ಭಿಕ್ಷುಗಳ ಬಟ್ಟೆಗೆ ಬಣ್ಣ ಕೊಡಲು ಇದೇ ಚೇಗನ್ನು ಕುದಿಸುತ್ತಿದ್ದರು. ಕೊಯ್ದಾಗ ಹಳದಿ, ಬೆಳಕು ಕಾಣುತ್ತಾ ಕಾಣುತ್ತಾ ಕೇಸರಿ, ಕಂದು, ಕೊನೆಗೆ ಕಡು ಕಂದು. ನಿಮ್ಮ ಪೆಟ್ಟಿಗೆಯ ಬಣ್ಣ ಯಾವ ಡಬ್ಬಿಯಲ್ಲೂ ಸಿಗುವುದಿಲ್ಲ ಅಕ್ಕ, ಅದು ಎರಡು ಮೂರು ತಲೆಮಾರಿನ ಬೆಳಕಿನಿಂದ ಬಂದದ್ದು. ಸ್ಯಾಂಡ್ ಪೇಪರ್ ಅದನ್ನು ಒಂದು ಮಧ್ಯಾಹ್ನದಲ್ಲಿ ತೆಗೆದು ಹಾಕುತ್ತದೆ. ಆ ಮೂಲೆಗೆ ಕಿಟಕಿಯ ಬೆಳಕು ಬೀಳುವಂತೆ ತಿರುಗಿಸಿಡಿ. ನೇರ ಬಿಸಿಲು ಬೇಡ. ಕೆಲವು ತಿಂಗಳಲ್ಲಿ ಕಪ್ಪಾಗುತ್ತಾ ಬರುತ್ತದೆ. ಈಗಲೇ ಸ್ಟೇನ್ (ಮರಕ್ಕೆ ಹಚ್ಚುವ ಬಣ್ಣ) ಹಚ್ಚಿದರೆ ಮುಂದೆ ಮರ ತಾನೂ ಕಪ್ಪಾಗಿ, ಆ ಜಾಗ ಉಳಿದದ್ದಕ್ಕಿಂತ ಕರಿ ಕಾಣುತ್ತದೆ.

ಬಿಳಿ ಬಣ್ಣದ ಬಗ್ಗೆಯೂ ಹೇಳಿಬಿಡುತ್ತೇನೆ. ಹಲಸಿನಲ್ಲಿ ಇಷ್ಟು ಬಣ್ಣ ಇರುವಾಗ ಬಿಳಿ ಪೇಂಟಿನ ಮೂಲಕ ಹಳದಿ ಕಲೆ ಮೇಲೆ ಏಳುವ ಅಪಾಯ ಇದ್ದೇ ಇದೆ. ಹಲಗೆ ಪ್ರತೀ ವರ್ಷ ಹಿಗ್ಗಿ ಕುಗ್ಗುವುದರಿಂದ ಹಲಗೆ ಸೇರುವ ಕಚ್ಚುಗಳ ಉದ್ದಕ್ಕೂ ಪೇಂಟ್ ಬಿರುಕು ಬಿಡುತ್ತದೆ. ತೆಗೆಯಬೇಕು ಅಂದಾಗ ಮತ್ತೆ ಪೂರ್ತಿ ತಿಕ್ಕಬೇಕು. ದಯವಿಟ್ಟು ಬೇಡ.

ಜೆಪ್ಪು_ಬಡಗಿ:

ಕಿನ್ನಿಮೂಲ್ಕಿಯವರು ಹೇಳಿದ್ದು ಸರಿ. ಡ್ಯುಕೋ ಹೊಡೆಯುವ ಕೆಲಸ ನಾನೂ ಮಾಡುತ್ತೇನೆ, ಆದರೆ ಪ್ಲೈವುಡ್ಡಿಗೆ. ಹಲಸಿಗೆ ಬೇಡ.

ಪಾಲಿಶ್ ವಿಷಯದಲ್ಲಿ ನನ್ನದು ಬೇರೆ ಅಭಿಪ್ರಾಯ. ಹಳಬರು ಫ್ರೆಂಚ್ ಪಾಲಿಶ್ ಅನ್ನುತ್ತಾರೆ. ಅದು ಅರಗು ಮತ್ತು ಸ್ಪಿರಿಟ್. ನಮ್ಮ ಮಳೆಗೆ ಬೆಳ್ಳಗಾಗುತ್ತದೆ, ಬಿಸಿ ಗ್ಲಾಸ್ ಇಟ್ಟರೆ ಉಂಗುರ ಬೀಳುತ್ತದೆ. ಮಲಗುವ ಕೋಣೆಯಲ್ಲಿ ನೀರಿನ ಲೋಟ, ಚಾ ಎಲ್ಲ ಇಡುತ್ತಾರೆ. ಮ್ಯಾಟ್ ಪಿಯು, ಅಂದರೆ ಹೊಳಪಿಲ್ಲದ ಪಾಲಿಯುರೆಥೇನ್ ಪಾಲಿಶ್, ಹೊಡೆಸಿದರೆ ವರ್ಷಗಟ್ಟಲೆ ತಲೆಬಿಸಿ ಇಲ್ಲ.

ಕಿನ್ನಿಮೂಲ್ಕಿ_ಹಳೆಮರ:

ಅಣ್ಣ, ಬಿಳಿ ಉಂಗುರದ ಮಾತು ಒಪ್ಪುತ್ತೇನೆ. ಆದರೆ ಪಿಯು ಹೊಡೆಯಬೇಕಾದರೆ ಹಳೆ ಪದರ ಪೂರ್ತಿ ತಿಕ್ಕಬೇಕಲ್ಲ? ಅಲ್ಲಿಗೆ ಬಣ್ಣ ಹೋಯಿತು. ಮತ್ತೆ ಪಿಯು ಒಂದು ಕಡೆ ಗೀರಿದರೆ ಅಲ್ಲಿಗೆ ಮಾತ್ರ ತೇಪೆ ಹಾಕಲಿಕ್ಕೆ ಕಷ್ಟ. ಅರಗಿನ ಪಾಲಿಶ್ ಹಾಗಲ್ಲ. ಹೊಸ ಪದರ ಹಳೆಯದನ್ನು ಕರಗಿಸಿಕೊಂಡು ಅದರೊಳಗೆ ಸೇರುತ್ತದೆ. ಹೊಸದಾಗಿ ಮಾಡಿಸಿದ ಸಾಗುವಾನಿ ಮೇಜಿಗೆ ನಾನೂ ಪಿಯು ಅನ್ನುತ್ತೇನೆ. ಇದಕ್ಕೆ ಬೇಡ.

ಅಕ್ಕ, ಈಗ ಪೆಟ್ಟಿಗೆ ಮೇಲೆ ಏನಿದೆ ಅಂತ ತಿಳಿಯಲು ಹತ್ತಿಗೆ ಸ್ವಲ್ಪ ಸ್ಪಿರಿಟ್ ಹಾಕಿ ಕಾಣದ ಜಾಗದಲ್ಲಿ ಒತ್ತಿ ಹಿಡಿಯಿರಿ. ಅಂಟಂಟಾಗಿ ಹತ್ತಿಗೆ ಕಂದು ಹತ್ತಿದರೆ ಅರಗು. ಏನೂ ಆಗದಿದ್ದರೆ ಬೇರೆ ವಾರ್ನಿಷ್, ಅಥವಾ ಏನೂ ಹಚ್ಚಿಲ್ಲ.

ಕದ್ರಿ_ಮನೆ:

ಮಾಡಿ ನೋಡಿದೆ. ಮುಂದೆ, ಪಕ್ಕದಲ್ಲಿ ಹತ್ತಿಗೆ ಕಂದು ಬಂತು. ಮುಚ್ಚಳದ ಮೇಲೆ ಏನೂ ಬರಲಿಲ್ಲ, ಆದರೆ ಕೈಗೆ ಜಿಡ್ಡು. ಅತ್ತೆಯ ಹತ್ತಿರ ಕೇಳಿದೆ. ಹಬ್ಬಕ್ಕೆಲ್ಲ ತೆಂಗಿನೆಣ್ಣೆ ಒರೆಸುತ್ತಿದ್ದರಂತೆ.

ಕಿನ್ನಿಮೂಲ್ಕಿ_ಹಳೆಮರ:

ಅದೇ ಜಿಡ್ಡು. ತೆಂಗಿನೆಣ್ಣೆ ಮರದಲ್ಲಿ ಒಣಗಿ ಗಟ್ಟಿಯಾಗುವುದಿಲ್ಲ. ಧೂಳು ಹಿಡಿಯುತ್ತದೆ, ಕನರು ವಾಸನೆ ಬರುತ್ತದೆ, ಬೂಷ್ಟೂ ಕೂರುತ್ತದೆ. ಟರ್ಪಂಟೈನ್ ಹಾಕಿದ ಬಟ್ಟೆಯಲ್ಲಿ ಮುಚ್ಚಳವನ್ನು ಒರೆಸಿ. ಬಟ್ಟೆಗೆ ಕೊಳೆ ಹತ್ತುವುದು ನಿಲ್ಲುವ ತನಕ ಬಟ್ಟೆ ಬದಲಿಸುತ್ತಾ ಹೋಗಿ. ಒಣ ದಿನ ಬಂದ ಮೇಲೆ ಕುದಿಸಿದ ಅಗಸೆ ಎಣ್ಣೆ, ಅಂಗಡಿಯಲ್ಲಿ ಲಿನ್‌ಸೀಡ್ ಅಂತ ಕೇಳಿ, ತೆಳುವಾಗಿ ಹಚ್ಚಿ ಒರೆಸಿಬಿಡಿ. ಅದು ಒಣಗುವ ಎಣ್ಣೆ. ಪೂರ್ತಿ ಒಣಗಿದ ಮೇಲೆ ಜೇನುಮೇಣದ ಪಾಲಿಶ್. ಇಷ್ಟೇ ಸಾಕು.

ಒಂದು ಎಚ್ಚರಿಕೆ, ಇದನ್ನು ಮರೆಯಬೇಡಿ. ಅಗಸೆ ಎಣ್ಣೆಯ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಒಣಗುವಾಗ ತನ್ನಷ್ಟಕ್ಕೆ ಬಿಸಿಯಾಗಿ ಬೆಂಕಿ ಹಿಡಿಯುತ್ತದೆ. ನೀರಲ್ಲಿ ನೆನೆಸಿಡಿ, ಇಲ್ಲವೇ ಹೊರಗೆ ಬಿಡಿಸಿ ಹರಡಿ.

ಹಿತ್ತಾಳೆಯನ್ನು ಬಿಚ್ಚಿ ತೊಳೆಯಿರಿ. ಬಿಂಬುಳಿ ಅಥವಾ ಹುಣಸೆಹುಳಿ ಸಾಕು, ಆದರೆ ಹುಳಿ ಮರಕ್ಕೆ ತಾಗಿದರೆ ಕಲೆ. ಬಿಚ್ಚುವ ಮೊದಲು ಫೋಟೋ ತೆಗೆದಿಡಿ, ಯಾವ ಸ್ಕ್ರೂ ಎಲ್ಲಿಯದ್ದು ಅಂತ ಗೊತ್ತಿರಬೇಕು. ಪೂರ್ತಿ ಹೊಳೆಯುವ ತನಕ ಉಜ್ಜುವುದು ಬೇಡ ಅಂತ ನನ್ನ ಅಭಿಪ್ರಾಯ. ಸಂದಿಯ ಕಪ್ಪು ಉಳಿದರೇನೇ ಚಂದ.

ಮಣಿಪಾಲ_ಒಳಾಂಗಣ:

ಈಗ ಕೋಣೆಯ ವಿಷಯ. ಮೊದಲ ಖರ್ಚು ಬಲ್ಬಿಗೆ. 6500 ಅಂದರೆ ನೀಲಿ ಕಡೆಗೆ ವಾಲಿದ ಬಿಳಿ ಬೆಳಕು. ಅದರ ಕೆಳಗೆ ಕಂದು ಮರ ಮಣ್ಣು ಬಣ್ಣಕ್ಕೆ ತಿರುಗುತ್ತದೆ. 2700 ಅಥವಾ 3000ದ ವಾರ್ಮ್ ವೈಟ್ ಹಾಕಿ, ಅದೇ ಮರದಲ್ಲಿ ಕೆಂಪು ಕಾಣಿಸುತ್ತದೆ. ಇದನ್ನು ಮಾಡದೆ ಬೇರೆ ಯಾವುದಕ್ಕೂ ಕೈ ಹಾಕಬೇಡಿ.

ಎರಡನೆಯದು ಜಾಗ. ಈಗಿನ ಮಂಚದ ಹಾಸಿಗೆ ಸುಮಾರು 20 ಇಂಚು ಎತ್ತರ ಇರುತ್ತದೆ. ನಿಮ್ಮ ಪೆಟ್ಟಿಗೆ 30. ಕಾಲಬುಡದಲ್ಲಿ ಇಟ್ಟರೆ ಮಂಚಕ್ಕಿಂತ 10 ಇಂಚು ಮೇಲೆ ಎದ್ದು ಗೋಡೆ ಕಟ್ಟಿದಂತಾಗುತ್ತದೆ. ಕೋಣೆ ಕತ್ತಲೆ ಅನ್ನಿಸಿದ್ದಕ್ಕೆ ಅದೂ ಕಾರಣ. ಫೋಟೋದಲ್ಲಿ ಕಿಟಕಿಯ ಪಕ್ಕದ ಗೋಡೆ ಖಾಲಿ ಇದೆಯಲ್ಲ, ಅಲ್ಲಿಗೆ ಒಯ್ಯಿರಿ. ಎಸಿಯಿಂದಲೂ ದೂರ ಆಗುತ್ತದೆ, ಹಳದಿ ಮೂಲೆಗೆ ಬೆಳಕೂ ಸಿಗುತ್ತದೆ.

ಪೆಟ್ಟಿಗೆಯ ಸರೀ ಮೇಲೆ ಕನ್ನಡಿ ತೂಗಿಸುವ ಆಸೆ ಎಲ್ಲರಿಗೂ ಬರುತ್ತದೆ. ಆದರೆ ಮುಚ್ಚಳ ತೆರೆದು ನಿಂತಾಗ ನೆಲದಿಂದ ನಾಲ್ಕೂವರೆ ಅಡಿ ಮುಟ್ಟುತ್ತದೆ, ಕನ್ನಡಿಗೆ ಬಡಿಯುತ್ತದೆ. ಪಕ್ಕಕ್ಕೆ ತೂಗಿಸಿ. ಮುಚ್ಚಳದ ಮೇಲೆ ಗಾಜಿನ ಹಾಳೆಯೂ ಬೇಡ, ಅಡಿಯಲ್ಲಿ ತೇವ ಸಿಕ್ಕಿಕೊಳ್ಳುತ್ತದೆ. ಒಂದು ದೀಪ, ಒಂದು ತಟ್ಟೆ, ಅಷ್ಟೇ ಇಡಿ. ಜಾಸ್ತಿ ಇಟ್ಟರೆ ನೀವು ಪೆಟ್ಟಿಗೆ ತೆರೆಯುವುದನ್ನೇ ಬಿಟ್ಟುಬಿಡುತ್ತೀರಿ.

ಬೂದು ಗೋಡೆಯಲ್ಲಿ ಅದರ ಹಿಂದಿನ ಒಂದನ್ನು ಮಾತ್ರ ಬೆಣ್ಣೆ ಬಿಳುಪಿಗೆ ಬದಲಿಸಿ. ವಾರ್ಡ್‌ರೋಬಿನ ಸ್ಟೀಲ್ ಹಿಡಿಗಳನ್ನು ಹಿತ್ತಾಳೆ ಬಣ್ಣದ್ದಕ್ಕೆ ಬದಲಿಸಿದರೆ ಪೆಟ್ಟಿಗೆಯ ಕೊಂಡಿಗೆ ಜೋಡಿ ಸಿಕ್ಕಿತು. ಕಿನ್ನಿಗೋಳಿ ಕಡೆ ನೇಯುವ ಉಡುಪಿ ಸೀರೆ ಹಳೆಯದು ಯಾವುದಾದರೂ ಇದ್ದರೆ ಮಂಚದ ಮೇಲೆ ಹೊದಿಕೆ ಮಾಡಿ. ಆ ಹತ್ತಿಯ ಒರಟು ಹಲಸಿಗೆ ತುಂಬ ಸೇರುತ್ತದೆ. ಹೊಳೆಯುವ ಸ್ಯಾಟಿನ್ ಬೇಡ.

ಒಂದು ದಿನ ಬಿಡುವು ಮಾಡಿಕೊಂಡು ಮಣಿಪಾಲದ ಹೆರಿಟೇಜ್ ವಿಲೇಜ್‌ಗೆ ಹೋಗಿ ಬನ್ನಿ. ವಿಜಯನಾಥ ಶೆಣೈ ಅವರು ಬಿಚ್ಚಿ ತಂದು ಮತ್ತೆ ಕಟ್ಟಿಸಿದ ಮನೆಗಳು ಅಲ್ಲಿವೆ, ಕುಂಜೂರು ಚೌಕಿಮನೆ ಸಹಿತ. ಹಳೆ ಸಾಮಾನಿನ ಸುತ್ತ ಎಷ್ಟು ಖಾಲಿ ಬಿಡಬೇಕು ಅನ್ನುವುದು ಅಲ್ಲಿ ನೋಡಿದರೆ ಕಣ್ಣಿಗೆ ಹಿಡಿಯುತ್ತದೆ.

ಕದ್ರಿ_ಮನೆ:

ತುಂಬ ಉಪಕಾರ ಆಯಿತು. ಬಲ್ಬ್ ಬದಲಿಸಿ, ಪೆಟ್ಟಿಗೆಯನ್ನು ಕಿಟಕಿ ಗೋಡೆಗೆ ಸರಿಸಿದೆವು. ಬಣ್ಣ ಹೊಡೆಸುವ ಅಂತ ಹಟ ಹಿಡಿದಿದ್ದ ನಮ್ಮವರೇ ಈಗ ಬೇಡ ಅನ್ನುತ್ತಿದ್ದಾರೆ. ಕಪ್ಪು ಕಾಗದದ ಮೇಲೆ ಇಷ್ಟರವರೆಗೆ ಹುಡಿ ಬಿದ್ದಿಲ್ಲ. ಎಣ್ಣೆ ಕೆಲಸ ದೀಪಾವಳಿ ನಂತರ. ಕೊನೆಯದೊಂದು: ಮಗನಿಗೆ ಮೂರು ವರ್ಷ. ಮುಚ್ಚಳ ಭಾರೀ ತೂಕ. ಎಂತ ಮಾಡಬಹುದು?

ಜೆಪ್ಪು_ಬಡಗಿ:

ಇದನ್ನು ಮೊದಲೇ ಕೇಳಬೇಕಿತ್ತು ಅಕ್ಕ. ದೀಪಾವಳಿ ತನಕ ಕಾಯಬೇಡಿ, ಈ ವಾರವೇ ಮಾಡಿಸಿ. ಮುಚ್ಚಳ ನಿಧಾನ ಇಳಿಯುವ ಗ್ಯಾಸ್ ಸ್ಟೇ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ತೂಕ ನೋಡಿ ಎರಡು ಬದಿಗೆ ಎರಡು ತೆಗೆದುಕೊಳ್ಳಿ. ಸ್ಕ್ರೂ ಒಳಗಿನ ಹಲಗೆಗೆ ಬೀಳುವುದರಿಂದ ಹೊರಗೆ ಏನೂ ಕಾಣುವುದಿಲ್ಲ. ಅಂಚಿಗೆ ಎರಡು ರಬ್ಬರ್ ಗುಂಡಿ ಅಂಟಿಸಿದರೆ ಬೆರಳು ಸಿಕ್ಕಿಕೊಳ್ಳುವುದಿಲ್ಲ, ಗಾಳಿಯೂ ಆಡುತ್ತದೆ. ಹೊರಗಿನ ಕೊಂಡಿ ತನ್ನಷ್ಟಕ್ಕೆ ಬಿದ್ದು ಸಿಕ್ಕಿಕೊಳ್ಳುವ ಥರದ್ದಾದರೆ ಅದರ ಗೂಟವನ್ನು ಬಿಚ್ಚಿಡಿ, ಮಗು ಒಳಗೆ ಇಳಿದರೆ ಹೊರಗೆ ಬರಲಾಗದಂತೆ ಆಗಬಾರದು. ಇಲ್ಲವಾದರೆ ಬೀಗ ಹಾಕಿ ಕೀ ಮೇಲೆ ಇಡಿ.