58 ಎಚ್‌ಆರ್‌ಸಿ ಇದ್ದರೂ ಕತ್ತಿಯ ಬಾಯಿ ಚಕ್ಕೆ ಏಳ್ತದೆ, ಟಫ್‌ನೆಸ್ ಪರೀಕ್ಷೆ ಹೇಗೆ?

ಪ್ರಶ್ನೆ, ಶಿರಸಿ: ಲಾರಿ ಸ್ಪ್ರಿಂಗ್ ಪ್ಲೇಟಿಂದಲೂ ಹಳೇ ಬೇರಿಂಗ್ ರಿಂಗಿಂದಲೂ ಸೊಪ್ಪು ಕಡಿಯುವ ಕತ್ತಿ ಮಾಡಿಸ್ತೇವೆ. ಎರಡಕ್ಕೂ ಗಡಸುತನ 58 ಎಚ್‌ಆರ್‌ಸಿ (ರಾಕ್‌ವೆಲ್ ಸಿ ಅಳತೆ). ಬೇರಿಂಗ್ ಉಕ್ಕು ಮಾತ್ರ ಮರದ ಗಂಟಿಗೆ ತಾಗಿದರೆ ಚಕ್ಕೆ ಏಳ್ತದೆ. ಟಫ್‌ನೆಸ್ (ಮುರಿಯದೆ ಹೊಡೆತ ತಾಳುವ ಗುಣ) ಅಳೆಯಿಸಿದವರು ತಿಳಿಸಿ.

ಕಾರವಾರದಿಂದ: ಲ್ಯಾಬಿನಲ್ಲಿ ಚಾರ್ಪಿ (ಲೋಲಕದ ಸುತ್ತಿಗೆಯಿಂದ ಹೊಡೆದು ಮುರಿಯುವ ಪರೀಕ್ಷೆ) ಎಂದ ಕೂಡಲೇ 10×10×55 ಮಿ.ಮೀ. ತುಂಡಿಗೆ 2 ಮಿ.ಮೀ. ಆಳದ ವಿ-ನಾಚ್ (ವಿ ಆಕಾರದ ಕಚ್ಚು) ಹಾಕ್ತಾರೆ. ಬೇಡ ಅನ್ನಿ. ಇಷ್ಟು ಗಡಸು ಉಕ್ಕು ನಾಚ್ ಇದ್ದರೆ ಕೆಲವೇ ಜೂಲ್‌ಗೆ ಮುರಿಯುತ್ತದೆ. 300 ಜೂಲ್ ಯಂತ್ರದ ಮುಳ್ಳಿನಲ್ಲಿ 3ಕ್ಕೂ 5ಕ್ಕೂ ವ್ಯತ್ಯಾಸ ಓದಲಾಗದು. ನಾಚ್ ಇಲ್ಲದ 7×10×55 ಮಾಡಿಸಿ. ರಿಂಗಿನಲ್ಲಿ ಅಷ್ಟು ದಪ್ಪ ಸಿಗದಿದ್ದರೆ ಎರಡೂ ಉಕ್ಕಿಗೆ 2.5×10×55 ಇರಲಿ, ಆದರೆ ಆಗ ಸಣ್ಣ ಲೋಲಕದ ಯಂತ್ರವೇ ಬೇಕು.

ಮುಖ್ಯ ಕೆಲಸ ತುಂಡಿನ ತಯಾರಿ. ಪ್ರತಿ ಮೈಗೆ ಅರ್ಧ ಮಿ.ಮೀ. ಹೆಚ್ಚು ಬಿಟ್ಟು ಹದ ಹಾಕಿ, ಆಮೇಲೆ ಕೂಲೆಂಟ್ ಹರಿಸುತ್ತಾ ಗ್ರೈಂಡ್ ಮಾಡಿ. ಮೇಲ್ಮೈಯಲ್ಲಿ ಕಾರ್ಬನ್ ಸುಟ್ಟ ಪದರ ಉಳಿದರೆ ಅಳತೆ ಸುಳ್ಳು. ಕೊನೆಯ ಗೀರು ಉದ್ದಕ್ಕೇ ಇರಬೇಕು, ಅಡ್ಡ ಗೀರಿನಿಂದಲೇ ಬಿರುಕು ಶುರುವಾಗ್ತದೆ. ವೈರ್‌ಕಟ್ (ವಿದ್ಯುತ್ ಕಿಡಿಯ ತಂತಿಯಿಂದ ಕತ್ತರಿಸೋದು) ಮಾಡಿಸಿದರೆ ಆ ಕರಗಿ ಹೆಪ್ಪಾದ ಪದರವನ್ನೂ ತೆಗೆಯಬೇಕು. ಒಂದು ಹದಕ್ಕೆ ಐದು ತುಂಡು. ಒಂದೇ ತುಂಡಿನ ಅಂಕಿ ನಂಬಬೇಡಿ.

ಕುಮಟಾದಿಂದ: ಬಿರುಕು ಬಿಟ್ಟ ತುಂಡು ಎಷ್ಟು ತಾಳ್ತದೆ ಎಂದು ಅಳೆಯುವ ನಿಜವಾದ ಕೆ-ಒನ್-ಸಿ ಪರೀಕ್ಷೆ ಕತ್ತಿಗೆ ದುಬಾರಿ ಹುಚ್ಚು. ದಪ್ಪದ ತೊಡಕಿಲ್ಲ: ಟಫ್‌ನೆಸ್ 20 ಮೆಗಾಪಾಸ್ಕಲ್ ರೂಟ್ ಮೀಟರ್, ಯೀಲ್ಡ್ (ಉಕ್ಕು ಶಾಶ್ವತವಾಗಿ ಬಾಗಲು ಶುರುವಾಗುವ ಒತ್ತಡ) 2000 ಮೆಗಾಪಾಸ್ಕಲ್ ಎಂದಿಟ್ಟರೆ 2.5 × (20/2000)² = 0.00025 ಮೀಟರ್, ಅಂದರೆ 0.25 ಮಿ.ಮೀ. ಸಾಕು. ತೊಡಕಿರೋದು ಹೊರೆ ಮತ್ತೆ ಮತ್ತೆ ಹಾಕಿ ತೆಗೆದು ಮೊದಲೇ ಬೆಳೆಸಬೇಕಾದ ಫಟೀಗ್ ಬಿರುಕಿನಲ್ಲಿ. ಕೊನೆಯ ಹಂತದಲ್ಲಿ ಬಿರುಕಿನ ತುದಿಗೆ ಬೀಳುವ ಒತ್ತಡದ ತೀವ್ರತೆ ಟಫ್‌ನೆಸ್‌ನ ಶೇ. 60 ದಾಟಬಾರದು. ದಾಟಿದರೆ ಅಳತೆ ಲೆಕ್ಕಕ್ಕಿಲ್ಲ, ಟಫ್‌ನೆಸ್ ಮಟ್ಟವನ್ನೇ ಮುಟ್ಟಿದರೆ ಬಿರುಕು ನಿಲ್ಲದೆ ಓಡಿ ತುಂಡು ಎರಡಾಗ್ತದೆ.

ಯಲ್ಲಾಪುರದಿಂದ: ಲ್ಯಾಬಿಗೆ ಹೋಗೋ ಮುಂಚೆ ಹದ ಹಾಕಿದ ಒಂದು ಪಟ್ಟಿ ವೈಸ್‌ಗೆ ಕಚ್ಚಿಸಿ ಮುರೀರಿ, ಕನ್ನಡಕ ಹಾಕ್ಕೊಂಡೇ. ಮುರಿದ ಮುಖ ಮಾಸಲು ಬೂದಿ ಬಣ್ಣದ ನುಣುಪಾದರೆ ಸರಿ, ಸಕ್ಕರೆ ಹರಳಿನಂತೆ ಮಿನುಗಿದರೆ ಕುಲುಮೆ ಅತಿಯಾಗಿದೆ. ಬೇರಿಂಗ್ ಉಕ್ಕಿನಲ್ಲಿ ಕಾರ್ಬನ್ ಶೇ. 1ರಷ್ಟು, ಸ್ಪ್ರಿಂಗಿನಲ್ಲಿ 0.5–0.6. ಹಾಗಾಗಿ ಬೇರಿಂಗ್ ಉಕ್ಕು ಶಾಖದ ತಪ್ಪು ಸಹಿಸೋದಿಲ್ಲ. 830–845 ಡಿಗ್ರಿಯಿಂದ ಎಣ್ಣೆಗೆ, ತಣಿದ ಕೂಡಲೇ 200 ಡಿಗ್ರಿಯಲ್ಲಿ ಎರಡು ಗಂಟೆಯಂತೆ ಎರಡು ಸಲ ಟೆಂಪರ್ (ಪೆಡಸು ಇಳಿಸಲು ಮತ್ತೆ ಕಾಯಿಸೋದು). ಹಳೇ ಸ್ಪ್ರಿಂಗ್ ಪ್ಲೇಟಿಗೂ ಬಿರುಕಿಗೆ ಇಳಿದು ಅದನ್ನು ತೋರಿಸುವ ಕೆಂಪು ಡೈ ಹಚ್ಚಿ ಹಳೇ ಬಿರುಕು ನೋಡಿ.

ಅಂಕೋಲಾದಿಂದ: ತುಕ್ಕು ಬಿಡಿಸಲು ಆ್ಯಸಿಡ್‌ನಲ್ಲಿ ಅದ್ದುತ್ತೀರಾ? ಹದ ಹಾಕಿದ ಉಕ್ಕಿಗೆ ಹೈಡ್ರೋಜನ್ ಹೊಕ್ಕು ಪೆಡಸಾಗ್ತದೆ. ಪರೀಕ್ಷೆ ತುಂಡಿಗಂತೂ ಆ್ಯಸಿಡ್ ಮುಟ್ಟಿಸಲೇಬೇಡಿ, ಪಾಲಿಶ್ ಕಾಗದ ಸಾಕು.