ಗಲಭೆಯ ಬಗ್ಗೆ ಜನಾಭಿಪ್ರಾಯ ವರ್ಷಗಳುರುಳಿದಂತೆ ಬದಲಾಗುವುದನ್ನು ಅಳೆಯುವುದು ಹೇಗೆ?

ಕಡತಪ್ರಿಯ:

ಎಲ್ಲರಿಗೂ ನಮಸ್ಕಾರ. ಗಲಭೆ ನಡೆದ ವಾರ ಜನ ಏನಂದರು, ಹತ್ತು ವರ್ಷದ ಮೇಲೆ ಏನಂದರು, ಐವತ್ತು ವರ್ಷದ ಮೇಲೆ ಏನನ್ನುತ್ತಾರೆ ಎಂಬುದನ್ನು ಒಂದೇ ನಕ್ಷೆಯಲ್ಲಿ ತೋರಿಸುವ ಟಿಪ್ಪಣಿಯೊಂದು ತಯಾರಾಗಬೇಕಿದೆ. ಓದುವವರು ಪದವಿ ತರಗತಿಯ ವಿದ್ಯಾರ್ಥಿಗಳು. "ಅಂದು ಉಗಿದವರೇ ಮುಂದೆ ಹಾರ ಹಾಕುತ್ತಾರೆ" ಎನ್ನಲು ಎಲ್ಲರೂ ಕೊಡುವ ಉದಾಹರಣೆ ಮಾರ್ಟಿನ್ ಲೂಥರ್ ಕಿಂಗ್ ಅವರದ್ದು. 1966ರ ಗ್ಯಾಲಪ್ ಸಮೀಕ್ಷೆಯಲ್ಲಿ ಶೇ. 63 ಅಮೆರಿಕನ್ನರಿಗೆ ಅವರ ಬಗ್ಗೆ ಒಳ್ಳೆಯ ಅಭಿಪ್ರಾಯ ಇರಲಿಲ್ಲ, ಇದ್ದದ್ದು ಶೇ. 33 ಮಂದಿಗೆ. 2011ಕ್ಕೆ ಅದು ಶೇ. 94ಕ್ಕೆ ಏರಿತ್ತು.

ತೊಡಕು ಮೂರು. ಮನಸ್ಸು ಬದಲಾಯಿಸಿದ್ದು ಅದೇ ಜನವೋ, ಇಲ್ಲ ಬೈದವರು ತೀರಿಕೊಂಡು ಹೊಸ ತಲೆಮಾರು ಬಂದದ್ದರಿಂದ ಅಂಕಿ ತಿರುಗಿತೋ? ಕಲ್ಲು ತೂರಾಟ, ಬೆಂಕಿ, ಲೂಟಿ ನಡೆದ ಕಡೆಗೂ ಇದೇ ಮಾತು ಹೊಂದುತ್ತದೆಯೇ? ಬೇರೆ ಬೇರೆ ಕಾಲದ ಸಮೀಕ್ಷೆಗಳನ್ನು ಪಕ್ಕಪಕ್ಕ ಇಡುವಾಗ ಎಲ್ಲಿ ಎಡವುತ್ತೇವೆ?

ಅಂಕಿಮಾಪಕ:

ಮೊದಲನೆಯದಕ್ಕೆ ಕಾಗದ ಪೆನ್ನು ಸಾಕು. ಪೂರ್ತಿ ಉತ್ತರ ಅಲ್ಲದಿದ್ದರೂ ಗಟ್ಟಿಯಾದ ಒಂದು ಕನಿಷ್ಠ ಮಿತಿ ಸಿಗುತ್ತದೆ.

1966ರಲ್ಲಿ ಸಮೀಕ್ಷೆ ಕೇಳಿದ್ದು 21 ವರ್ಷ ತುಂಬಿದವರನ್ನು. ಅವರಲ್ಲಿ ಅತಿ ಕಿರಿಯರಿಗೂ 2011ರಲ್ಲಿ 66 ವರ್ಷ. ಆ ಹೊತ್ತಿಗೆ ಅಮೆರಿಕದ ವಯಸ್ಕರಲ್ಲಿ 66 ದಾಟಿದವರು ಹೆಚ್ಚುಕಡಿಮೆ ನೂರಕ್ಕೆ 16. ಈಗ "ಅದೇ ಜನ ಬದಲಾದರು" ಎಂಬ ವಾದಕ್ಕೆ ಅತ್ಯಂತ ಪ್ರತಿಕೂಲವಾದ ಸ್ಥಿತಿಯನ್ನೇ ಊಹಿಸಿ: 2011ರಲ್ಲಿ ಮೆಚ್ಚದೆ ಉಳಿದ 6 ಮಂದಿಯೂ ಈ 16ರೊಳಗೇ ಇದ್ದಾರೆ ಅಂದುಕೊಳ್ಳಿ. ಆಗಲೂ 16ರಲ್ಲಿ 10 ಮಂದಿ, ಅಂದರೆ ಶೇ. 62ಕ್ಕೂ ಹೆಚ್ಚು ಹಿರಿಯರು, ಮೆಚ್ಚಿದವರೇ ಆಗುತ್ತಾರೆ. ಇದೇ ತಲೆಮಾರು ಸೇರಿದ್ದ 1966ರ ಸಮೀಕ್ಷೆಯಲ್ಲಿ ಅದು ಶೇ. 33. ಹಾಗಾಗಿ ಬರೀ ಸಾವು-ಹುಟ್ಟಿನ ಲೆಕ್ಕದಿಂದ ಇದನ್ನು ವಿವರಿಸಲಾಗದು. ಬದುಕಿದ್ದವರ ಉತ್ತರವೂ ಬದಲಾಗಿದೆ.

ಒಂದು ತಿದ್ದುಪಡಿ ಮಾಡಿಕೊಳ್ಳಿ. 2011ರವರೆಗೆ ಬದುಕಿದ್ದವರು 1966ರಲ್ಲಿ ಬಹುಪಾಲು 21ರಿಂದ 45ರ ಒಳಗಿನವರು. ಹೋಲಿಸಬೇಕಾದ್ದು 1966ರ ಒಟ್ಟು ಅಂಕಿಯ ಜೊತೆ ಅಲ್ಲ, ಅದೇ ಸಮೀಕ್ಷೆಯಲ್ಲಿ ಆ ವಯಸ್ಸಿನವರು ಕೊಟ್ಟ ಅಂಕಿಯ ಜೊತೆ. ಕಚ್ಚಾ ದತ್ತಾಂಶ ಸಿಕ್ಕರೆ ಹುಟ್ಟಿದ ವರ್ಷವನ್ನು ಹತ್ತತ್ತು ವರ್ಷದ ಗುಂಪು ಮಾಡಿ, ಪ್ರತಿ ಗುಂಪನ್ನೂ ಬೇರೆಯಾಗಿ ಹಿಂಬಾಲಿಸಿ. ಆದರೆ ಸಾವಿರ ಜನರ ಸಮೀಕ್ಷೆಯಲ್ಲಿ ಒಟ್ಟು ಅಂಕಿಗೆ ±3ರಷ್ಟು ತಪ್ಪಿಗೆ ಅವಕಾಶ ಇದ್ದರೆ, ಅದರೊಳಗಿನ 160 ಜನರ ಗುಂಪಿಗೆ ಅದು ±8ರಷ್ಟಾಗುತ್ತದೆ. ಗುಂಪು ಸಣ್ಣದಾದಷ್ಟೂ ಐದಾರು ಅಂಶದ ಏರಿಳಿತಕ್ಕೆ ಅರ್ಥ ಹಚ್ಚಲು ಹೋಗಬೇಡಿ.

ಇನ್ನೊಂದು ಮಾತು, ನನಗೆ ಇದು ಲೆಕ್ಕಕ್ಕಿಂತ ಮುಖ್ಯ ಅನಿಸುತ್ತದೆ. "ಉತ್ತರ ಬದಲಾಗಿದೆ" ಅಂದೆ, "ಮನಸ್ಸು" ಅನ್ನಲಿಲ್ಲ. ಕಿಂಗ್ ಹೆಸರಿನ ರಜೆಗೆ 1983ರಲ್ಲಿ ಕಾನೂನು ಆಯಿತು, 1986ರಿಂದ ರಜೆ ಜಾರಿಗೆ ಬಂತು. ಸರ್ಕಾರಿ ರಜೆಯೇ ಇರುವ ವ್ಯಕ್ತಿಯ ಬಗ್ಗೆ ಅಪರಿಚಿತರೊಬ್ಬರ ಮುಂದೆ "ಇಷ್ಟವಿಲ್ಲ" ಅನ್ನಲು ನಾಲಿಗೆ ಹಿಂಜರಿಯುತ್ತದೆ. ಜೊತೆಗೆ, ಜನ ಯಾರ ಬಗ್ಗೆ ಉತ್ತರಿಸುತ್ತಿದ್ದಾರೋ ಆ ವ್ಯಕ್ತಿಯ ಚಿತ್ರವೂ ಬೇರೆಯಾಗಿದೆ. 1966ರ ಕಿಂಗ್ ಎಂದರೆ ಶಿಕಾಗೋದ ಬಿಳಿಯರ ಬಡಾವಣೆಗಳಲ್ಲಿ ಮನೆ ಹಕ್ಕಿಗಾಗಿ ಮೆರವಣಿಗೆ ಹೊರಟಿದ್ದ ಮನುಷ್ಯ. 2011ರವರ ಕಣ್ಣ ಮುಂದೆ ಇದ್ದದ್ದು 1963ರ ವಾಷಿಂಗ್ಟನ್ ಭಾಷಣ.

ಹಳೆಕಡತ:

ಕಿಂಗ್ ಉದಾಹರಣೆಯನ್ನು ಗಲಭೆಯ ಟಿಪ್ಪಣಿಯಿಂದ ತೆಗೆದುಬಿಡಿ ಎಂಬುದು ನನ್ನ ಸಲಹೆ. ಅದು ಅಹಿಂಸಾ ಚಳವಳಿಯ ನಾಯಕನ ಕಥೆ. ಗಲಭೆಗಳ ಕಡತ ಬೇರೆಯೇ ಹೇಳುತ್ತದೆ: ಕಲ್ಲು, ಬೆಂಕಿಯ ಬಗ್ಗೆ ಜನರ ತೀರ್ಪು ಸುಲಭಕ್ಕೆ ಮೃದುವಾಗುವುದಿಲ್ಲ. ಬದಲಾಗುವುದು ಘಟನೆಯ ಹೆಸರು. ಹೆಸರು ಬದಲಾದ ಮೇಲೆ ಜನ ಬೇರೆ ಘಟನೆಗೇ ಉತ್ತರ ಕೊಡುತ್ತಿರುತ್ತಾರೆ.

ಅಮೆರಿಕದ ಓಕ್ಲಹೋಮ ರಾಜ್ಯದ ಟಲ್ಸಾ ನಗರ ನೋಡಿ. 1921ರ ಮೇ 31 ಮತ್ತು ಜೂನ್ 1ರಂದು ಬಿಳಿಯರ ಗುಂಪು ಗ್ರೀನ್‌ವುಡ್ ಎಂಬ ಕರಿಯರ ಬಡಾವಣೆಗೆ ನುಗ್ಗಿ 35 ಬ್ಲಾಕ್‌ಗಳಷ್ಟನ್ನು ಸುಟ್ಟಿತು. ಭಸ್ಮವಾದ ಮನೆಗಳೇ 1,256. ಇದಕ್ಕೆ "ಜನಾಂಗೀಯ ಗಲಭೆ" ಎಂದು ಹೆಸರು ಬಿತ್ತು. ಆ ಪದಕ್ಕೆ ದುಡ್ಡಿನ ತೂಕವೂ ಇತ್ತು: ವಿಮಾ ಪತ್ರಗಳಲ್ಲಿ ಗಲಭೆಯಿಂದಾದ ನಷ್ಟಕ್ಕೆ ಪರಿಹಾರವಿಲ್ಲ ಎಂಬ ಷರತ್ತು ಇತ್ತು, ಅದನ್ನೇ ತೋರಿಸಿ ಅರ್ಜಿಗಳನ್ನು ತಳ್ಳಿಹಾಕಿದರು. ಓಕ್ಲಹೋಮ ಸರ್ಕಾರ 1997ರಲ್ಲಿ ನೇಮಿಸಿದ ವಿಚಾರಣಾ ಆಯೋಗದ ಹೆಸರಿನಲ್ಲೂ "ಗಲಭೆ" ಎಂದೇ ಇತ್ತು, 2001ರಲ್ಲಿ ವರದಿ ಬಂದದ್ದೂ ಅದೇ ಹೆಸರಲ್ಲಿ. ಶತಮಾನೋತ್ಸವಕ್ಕೆಂದು ರಚಿಸಿದ ಸಮಿತಿ 2018ರಲ್ಲಿ ತನ್ನ ಹೆಸರಿನಲ್ಲಿದ್ದ ಆ ಪದ ತೆಗೆದು "ಹತ್ಯಾಕಾಂಡ" ಎಂದು ಇಟ್ಟುಕೊಂಡಿತು. ಸುಟ್ಟ ಮನೆಗಳ ಲೆಕ್ಕ ವರದಿಯಲ್ಲಿ 2001ರಲ್ಲೇ ಇತ್ತು. ಪದ ಬದಲಾಗಲು ಮತ್ತೆ 17 ವರ್ಷ ಹಿಡಿಯಿತು.

ಮ್ಯಾಂಚೆಸ್ಟರ್‌ನ ಪೀಟರ್‌ಲೂ ಇನ್ನೂ ನಿಧಾನ. 1819ರ ಆಗಸ್ಟ್ 16ರಂದು ಮತದಾನದ ಹಕ್ಕು ಕೇಳಲು ನೆರೆದಿದ್ದ ಜನರ ಮೇಲೆ ಕುದುರೆ ಸವಾರರು ಕತ್ತಿ ಬೀಸಿದರು. 1972ರಲ್ಲಿ ಅಲ್ಲಿ ಹಾಕಿದ ನೀಲಿ ಫಲಕದಲ್ಲಿ ಸತ್ತವರ ಸುದ್ದಿಯೇ ಇಲ್ಲ, ಸೇನೆ ಜನರನ್ನು "ಚದುರಿಸಿತು" ಎಂದಷ್ಟೇ ಇತ್ತು. 2007ರಲ್ಲಿ ಅದನ್ನು ತೆಗೆದು, 15 ಸಾವು, 600ಕ್ಕೂ ಹೆಚ್ಚು ಗಾಯಾಳುಗಳು ಎಂದು ಬರೆದ ಕೆಂಪು ಫಲಕ ಹಾಕಿದರು. ಒಂದು ಕ್ರಿಯಾಪದ ಸರಿಯಾಗಲು 188 ವರ್ಷ.

ದಕ್ಷಿಣ ಕೊರಿಯಾದ ಗ್ವಾಂಗ್ಜು ಬೇಗ ಬದಲಾಯಿತು, ಕಾರಣ ಆಡಳಿತವೇ ಬದಲಾಯಿತು. ಸೇನಾಡಳಿತದ ವಿರುದ್ಧ ಜನರ ಪ್ರತಿಭಟನೆ 1980ರ ಮೇ 18ಕ್ಕೆ ಶುರುವಾಗಿ, 27ಕ್ಕೆ ಸೇನೆ ಊರನ್ನು ಮತ್ತೆ ವಶಪಡಿಸಿಕೊಂಡಾಗ ಅಧಿಕೃತ ಮಾತು "ದೊಂಬಿ", ಕಮ್ಯುನಿಸ್ಟರ ಕುಮ್ಮಕ್ಕು. 1988ರಲ್ಲಿ ಸರ್ಕಾರವೇ "ಪ್ರಜಾಪ್ರಭುತ್ವ ಚಳವಳಿ" ಎಂದು ಕರೆಯಿತು. 1996ರಲ್ಲಿ ಆ ಸೇನಾಡಳಿತದ ಮುಖಂಡ ಚುನ್ ಡೂ-ಹ್ವಾನ್‌ಗೆ ಶಿಕ್ಷೆಯಾಯಿತು (ಮರುವರ್ಷ ಕ್ಷಮಾದಾನ ಸಿಕ್ಕಿತು), 1997ರಿಂದ ಮೇ 18 ರಾಷ್ಟ್ರೀಯ ಸ್ಮರಣೆಯ ದಿನ. ಇಂಥ ಕಡೆ ಮೊದಲ ವರ್ಷಗಳಲ್ಲಿ ಅಳೆಯಬಹುದಾದ ಜನಾಭಿಪ್ರಾಯವೇ ಇರುವುದಿಲ್ಲ. ಪತ್ರಿಕೆಗೆ ಬೀಗ, ಬಾಯಿಗೂ ಬೀಗ. ಆಗ ಯಾರಾದರೂ "ಗೊತ್ತಿಲ್ಲ" ಎಂದರೆ ಅದು ಭಯ, ತಟಸ್ಥ ನಿಲುವು ಅಲ್ಲ.

ಹೆಸರು ಇತ್ಯರ್ಥವಾಗದೆ ನಿಂತವೂ ಇವೆ. ಅಮೆರಿಕದಲ್ಲೇ 1965ರಲ್ಲಿ ಲಾಸ್ ಏಂಜಲೀಸ್‌ನ ವಾಟ್ಸ್ ಬಡಾವಣೆ (34 ಸಾವು), 1967ರಲ್ಲಿ ಡೆಟ್ರಾಯಿಟ್ ನಗರ (43 ಸಾವು). ಇವತ್ತಿಗೂ ಒಬ್ಬರು "ಗಲಭೆ" ಅನ್ನುತ್ತಾರೆ, ಇನ್ನೊಬ್ಬರು "ಬಂಡಾಯ" ಅನ್ನುತ್ತಾರೆ. ಇಲ್ಲಿ ದಾಳಿ ಮಾಡಿದವರು ಒಂದು ಕಡೆ, ಸತ್ತವರು ಒಂದು ಕಡೆ ಎಂಬ ನೇರ ಗೆರೆ ಇಲ್ಲ. ಲೂಟಿಯೂ ನಡೆದಿದೆ, ಪೊಲೀಸರ ಗುಂಡೂ ಹಾರಿದೆ. ಈ ಗಲಭೆಗಳ ಕಾರಣ ಹುಡುಕಲು ಅಮೆರಿಕದ ಅಧ್ಯಕ್ಷರು ನೇಮಿಸಿದ್ದ ಕರ್ನರ್ ಆಯೋಗ 1968ರ ಮಾರ್ಚ್ ಹೊತ್ತಿಗೇ ಪಿತೂರಿ ಏನೂ ಇಲ್ಲ, ಬಿಳಿಯರ ವರ್ಣಭೇದ, ನಿರುದ್ಯೋಗ, ವಸತಿ, ಪೊಲೀಸರ ನಡವಳಿಕೆ ಇವೇ ಮೂಲ ಎಂದು ಬರೆದುಕೊಟ್ಟರೂ ಹೆಸರಿನ ಜಗಳ ಮುಗಿಯಲಿಲ್ಲ.

ತಕ್ಷಣದ ಪರಿಣಾಮ ಬೇಕಿದ್ದರೆ ಎರಡು ಅಧ್ಯಯನಗಳನ್ನು ಜೊತೆಗಿಟ್ಟು ಓದಿ. ಓಮರ್ ವಾಸೋ 2020ರಲ್ಲಿ ಪ್ರಕಟಿಸಿದ್ದು ಕಿಂಗ್ ಹತ್ಯೆಯ ನಂತರ ನಡೆದ 1968ರ ಏಪ್ರಿಲ್ ಗಲಭೆಗಳ ಬಗ್ಗೆ. ಮಳೆ ಬಂದ ಕಡೆ ಜನ ಬೀದಿಗಿಳಿಯುವುದು ಕಡಿಮೆ ಎಂಬುದನ್ನು ಬಳಸಿಕೊಂಡು, ಹಿಂಸೆಯಿಂದ ಬಿಳಿಯರ ಮತ ಶೇ. 1.5ರಿಂದ 7.9 ಅಂಶದಷ್ಟು ರಿಪಬ್ಲಿಕನ್ನರತ್ತ ವಾಲಿತು ಎಂದು ಅಂದಾಜಿಸಿದರು. ಎನೋಸ್, ಕಾಫ್‌ಮನ್, ಸ್ಯಾಂಡ್ಸ್ 2019ರಲ್ಲಿ ತೋರಿಸಿದ್ದು ಇದಕ್ಕೆ ಉಲ್ಟಾ: 1992ರ ಲಾಸ್ ಏಂಜಲೀಸ್ ಗಲಭೆಯ ನಂತರ ಅಲ್ಲಿನ ಮತದಾರರಲ್ಲಿ ಸರ್ಕಾರಿ ಶಾಲೆಗಳ ಖರ್ಚಿಗೆ ಬೆಂಬಲ ಹೆಚ್ಚಿತು. ಒಂದು ದೇಶದುದ್ದಕ್ಕೂ ಹಬ್ಬಿದ ಗಲಭೆ ಮತ್ತು ಅಧ್ಯಕ್ಷ ಚುನಾವಣೆ, ಇನ್ನೊಂದು ಗಲಭೆಯಾದ ಊರೇ ಹಾಕಿದ ಮತ. ದೂರದಿಂದ ನೋಡುವವರಿಗೂ ಅಕ್ಕಪಕ್ಕ ಇರುವವರಿಗೂ ಪರಿಣಾಮ ಒಂದೇ ಅಲ್ಲ ಎಂದು ನಾನು ಓದಿಕೊಳ್ಳುತ್ತೇನೆ.

ಪ್ರಶ್ನಾವಳಿ:

ಹಳೆಕಡತ ಅವರ ಮಾತಿಗೆ ಪೂರ್ತಿ ಸಹಮತ. ನಾನು ಮೂರನೆಯ ಪ್ರಶ್ನೆಗೆ ಬರುತ್ತೇನೆ.

ಸಮೀಕ್ಷೆ ಕೈಗೆ ಸಿಕ್ಕ ಕೂಡಲೇ ಅಂಕಿ ನೋಡಬೇಡಿ, ಪ್ರಶ್ನೆಯ ಪೂರ್ಣ ವಾಕ್ಯ ಓದಿ. ಅದು ನಾಲ್ಕರಲ್ಲಿ ಯಾವುದನ್ನು ಕೇಳುತ್ತಿದೆ: ಬೇಡಿಕೆ ನ್ಯಾಯವೇ, ಬೀದಿಗಿಳಿದ ರೀತಿ ಸರಿಯೇ, ಪೊಲೀಸರು ನಡೆದುಕೊಂಡದ್ದು ಸರಿಯೇ, ತಪ್ಪು ಯಾರದು? ಬೇಡಿಕೆಗೆ ಹೂಂ, ರೀತಿಗೆ ಉಹೂಂ ಎನ್ನುವವರು ಯಾವ ಕಾಲದಲ್ಲೂ ಬಹಳ. ಒಂದು ವರ್ಷದ ಬೇಡಿಕೆಯ ಅಂಕಿಯನ್ನೂ ಇನ್ನೊಂದು ವರ್ಷದ ರೀತಿಯ ಅಂಕಿಯನ್ನೂ ಗೆರೆ ಎಳೆದು ಜೋಡಿಸಿದರೆ ಇಲ್ಲದ ಬದಲಾವಣೆ ಹುಟ್ಟುತ್ತದೆ. ಅಮೆರಿಕದ ಸಮೀಕ್ಷಾ ಸಂಸ್ಥೆ ಪ್ಯೂ ಪ್ರಕಾರ, ಕರಿಯರ ಮೇಲಿನ ಪೊಲೀಸ್ ಹಿಂಸೆಯ ವಿರುದ್ಧದ "ಬ್ಲ್ಯಾಕ್ ಲೈವ್ಸ್ ಮ್ಯಾಟರ್" ಚಳವಳಿಗೆ ಬೆಂಬಲ 2020ರ ಜೂನ್‌ನಲ್ಲಿ ಶೇ. 67, ಸೆಪ್ಟೆಂಬರ್‌ಗೆ ಶೇ. 55, 2023ರಲ್ಲಿ ಶೇ. 51. ಇದು ಚಳವಳಿಯ ಬಗೆಗಿನ ಪ್ರಶ್ನೆ. ಅದನ್ನು "ಗಲಭೆಗೆ ಬೆಂಬಲ" ಎಂದು ಶೀರ್ಷಿಕೆ ಹಾಕಿದರೆ ತಪ್ಪು.

ಇದೇ ಅಂಕಿ ಮತ್ತೊಂದನ್ನೂ ಹೇಳುತ್ತದೆ. 67ರಿಂದ 55ಕ್ಕೆ ಬೀಳಲು ಮೂರೇ ತಿಂಗಳು, ಆಮೇಲಿನ ನಾಲ್ಕು ಅಂಶಕ್ಕೆ ಸುಮಾರು ಎರಡೂವರೆ ವರ್ಷ. ಆದ್ದರಿಂದ ಮೊದಲ ಸಮೀಕ್ಷೆ ಘಟನೆಯಾದ ಎಷ್ಟನೇ ದಿನದ್ದು ಎಂಬುದನ್ನು ದಾಖಲಿಸಲೇಬೇಕು. ಎರಡನೇ ವಾರದ ಅಂಕಿಯನ್ನು "ಆರಂಭದ ಅಭಿಪ್ರಾಯ" ಎಂದು ಹಿಡಿದರೆ ಒಂದು ಕಥೆ, ಮೂರು ತಿಂಗಳ ಮೇಲಿನದ್ದನ್ನು ಹಿಡಿದರೆ ಬೇರೆ ಕಥೆ.

ಎಲ್ಲ ಕಡೆಯೂ ಕಾಲ ಜನರನ್ನು ಒಂದೇ ದಿಕ್ಕಿಗೆ ಒಯ್ಯುವುದಿಲ್ಲ. 2021ರ ಜನವರಿ 6ರಂದು ಅಮೆರಿಕದ ಸಂಸತ್ ಭವನಕ್ಕೆ ನುಗ್ಗಿದವರನ್ನು ಹಿಡಿದು ವಿಚಾರಣೆ ನಡೆಸುವುದು "ಬಹಳ ಮುಖ್ಯ" ಎಂದ ರಿಪಬ್ಲಿಕನ್ನರು ಮಾರ್ಚ್‌ನಲ್ಲಿ ಶೇ. 50, ಸೆಪ್ಟೆಂಬರ್‌ನಲ್ಲಿ ಶೇ. 27. ನಾಯಕರು ಹೊಸ ಅರ್ಥ ಕೊಟ್ಟರೆ ಆರು ತಿಂಗಳಲ್ಲೇ ಒಂದು ಪಕ್ಷದ ಬೆಂಬಲಿಗರಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಆ ನಿಲುವಿನಿಂದ ದೂರ ಸರಿಯಬಹುದು. ಪಕ್ಷವಾರು ಒಡೆಯದೆ ಬರೀ ಒಟ್ಟು ಅಂಕಿ ಕೊಟ್ಟರೆ ಇದು ಕಾಣುವುದೇ ಇಲ್ಲ.

"ಗೊತ್ತಿಲ್ಲ" ಎಂದವರನ್ನು ಕೈಬಿಡಬೇಡಿ. 1970ರ ಮೇ 4ರಂದು ಅಮೆರಿಕದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಯುದ್ಧ ವಿರೋಧಿ ಪ್ರತಿಭಟನೆಯ ವೇಳೆ ನ್ಯಾಷನಲ್ ಗಾರ್ಡ್ ಎಂಬ ಮೀಸಲು ಸೇನಾಪಡೆ 13 ಸೆಕೆಂಡಿನಲ್ಲಿ 67 ಗುಂಡು ಹಾರಿಸಿತು, 4 ವಿದ್ಯಾರ್ಥಿಗಳು ಸತ್ತರು. ಕೂಡಲೇ ನಡೆದ ಗ್ಯಾಲಪ್ ಸಮೀಕ್ಷೆಯಲ್ಲಿ ತಪ್ಪು ವಿದ್ಯಾರ್ಥಿಗಳದ್ದೇ ಎಂದವರು ಶೇ. 58, ಗಾರ್ಡ್ ಪಡೆಯದ್ದು ಎಂದವರು ಶೇ. 11, ಅಭಿಪ್ರಾಯವಿಲ್ಲ ಎಂದವರು ಶೇ. 31. ಕೊನೆಯವರನ್ನು ತೆಗೆದು ಲೆಕ್ಕ ಹಾಕಿದರೆ 58 ಹೋಗಿ 84 ಆಗುತ್ತದೆ. ಹತ್ತಿರ ಹತ್ತಿರ ಮೂರನೇ ಒಂದು ಪಾಲು ಜನ ಇನ್ನೂ ನಿರ್ಧರಿಸಿಲ್ಲ ಎಂಬುದೇ ಆ ವಾರದ ಮುಖ್ಯ ಸಂಗತಿ, ಅದನ್ನೇ ಅಳಿಸಿದಂತಾಗುತ್ತದೆ.

ಹೊಸದಾಗಿ ನೀವೇ ಕೇಳುವುದಾದರೆ, ಘಟನೆಗೆ ಊರು-ತಾರೀಕಿನ ಹೆಸರು ಮಾತ್ರ ಕೊಡಿ. ಕನ್ನಡದಲ್ಲಿ ಇದು ಇನ್ನೂ ಸೂಕ್ಷ್ಮ. "ದೊಂಬಿ" ಅಂದರೆ ಕೇಳುವಾಗಲೇ ಪುಂಡಾಟಿಕೆ ಕಾಣುತ್ತದೆ, "ಗಲಭೆ" ಸ್ವಲ್ಪ ತಟಸ್ಥ, "ದಂಗೆ"ಯಲ್ಲಿ ಆಳುವವರ ದನಿ ಇದೆ, "ಬಂಡಾಯ"ದಲ್ಲಿ ಗೌರವ ಇದೆ. 1857ರದ್ದನ್ನು "ಸಿಪಾಯಿ ದಂಗೆ" ಎಂದು ಓದಿದವರಿಗೂ "ಪ್ರಥಮ ಸ್ವಾತಂತ್ರ್ಯ ಸಂಗ್ರಾಮ" ಎಂದು ಓದಿದವರಿಗೂ ಅದೇ ಪ್ರಶ್ನೆ ಹಾಕಿ ನೋಡಿ, ವ್ಯತ್ಯಾಸ ತಿಳಿಯುತ್ತದೆ. ಸಾಧ್ಯವಾದರೆ ಚೀಟಿ ಎತ್ತಿದಂತೆ ಅರ್ಧ ಜನರಿಗೆ ಒಂದು ಪದ, ಉಳಿದರ್ಧಕ್ಕೆ ಇನ್ನೊಂದು ಪದ ಹಾಕಿ ಕೇಳಿ. ಎರಡು ಅಂಕಿಗಳ ನಡುವಿನ ಅಂತರವೇ ಆ ಪದದ ತೂಕ. "ಆಗ ನೀವು ಏನಂದುಕೊಂಡಿದ್ದಿರಿ?" ಎಂದು ಮಾತ್ರ ಕೇಳಬೇಡಿ. ಜನ ಇವತ್ತಿನ ಅಭಿಪ್ರಾಯವನ್ನೇ ಹಿಂದಿನದ್ದು ಎಂದು ಪ್ರಾಮಾಣಿಕವಾಗಿ ನಂಬಿ ಹೇಳುತ್ತಾರೆ.

ಕಡತಪ್ರಿಯ:

ಮೂವರಿಗೂ ಕೃತಜ್ಞತೆ. ಕಿಂಗ್ ಅಂಕಿಯನ್ನು ಅಹಿಂಸಾ ಚಳವಳಿಯ ಪುಟಕ್ಕೆ ಸರಿಸುತ್ತೇನೆ. ಒಂದೇ ಅನುಮಾನ ಉಳಿಯಿತು: ಕೆಂಟ್ ಸ್ಟೇಟ್‌ನಂಥದ್ದಕ್ಕೆ 1970ರ ಅಂಕಿ ಇದೆ, ಮುಂದೆ ಅದೇ ವಾಕ್ಯದಲ್ಲಿ ಕೇಳಿದ ಸಮೀಕ್ಷೆ ಸಿಗದಿದ್ದರೆ ನಕ್ಷೆಯಲ್ಲಿ ಏನು ಹಾಕಲಿ?

ಅಂಕಿಮಾಪಕ:

ಗೆರೆ ಎಳೆಯಬೇಡಿ, ಒಂದೇ ಚುಕ್ಕಿ ಇಡಿ. ಕೆಳಗೆ ಕಾಲರೇಖೆ ಹಾಕಿ, ಅದರಲ್ಲಿ ವಿಚಾರಣಾ ವರದಿ, ಕೋರ್ಟ್ ತೀರ್ಪು, ಪರಿಹಾರ, ಫಲಕ, ರಜೆ ಇವುಗಳ ವರ್ಷ ಗುರುತಿಸಿ. ಅಧಿಕೃತ ಮಾತು ಯಾವಾಗ ಬದಲಾಯಿತು ಎಂಬುದಕ್ಕೆ ಅವು ಸಾಕ್ಷಿ, ಜನರ ಮನಸ್ಸಿಗೆ ಅಲ್ಲ. ಎರಡಕ್ಕೂ ಬೇರೆ ಬಣ್ಣ ಕೊಡಿ. ಪ್ರತಿ ಚುಕ್ಕಿಯ ಪಕ್ಕ ನಾಲ್ಕು ವಿವರ ಇರಲಿ: ಪ್ರಶ್ನೆಯ ಪೂರ್ಣ ವಾಕ್ಯ, ಘಟನೆಯಾದ ಎಷ್ಟನೇ ದಿನ, ಎಷ್ಟು ಜನ, ಮನೆಗೆ ಹೋಗಿ ಕೇಳಿದ್ದೋ ಫೋನಿನಲ್ಲೋ. ಈ ನಾಲ್ಕು ಸಿಗದ ಅಂಕಿಯನ್ನು ನಕ್ಷೆಗೆ ಏರಿಸಬೇಡಿ, ಎಷ್ಟೇ ಪ್ರಸಿದ್ಧವಾಗಿದ್ದರೂ.